ಹಳೆಯ ಫೇರ್‌ಲೇಡಿಗೆ ಆಳದ ರಿಮ್ಮು: ಎಷ್ಟು ಅಗಲ ಸಾಕು?

ಪ್ರಶ್ನೆ: ನಾನು ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದೇನೆ, ಊರು ದಾವಣಗೆರೆ. ಕಳೆದ ವರ್ಷ 1974ರ ನಿಸಾನ್ ಫೇರ್‌ಲೇಡಿ ಝಡ್ ಕೊಂಡೆ. ಎರಡು ಲೀಟರಿನ ಎಂಜಿನ್. ಹಿಂದಿನ ಮಾಲೀಕರೂ ಇದೇ ಊರಿನವರಾದ್ದರಿಂದ ಎರಡಂಕಿಯ ವರ್ಗಸಂಖ್ಯೆ ಇರುವ ಹಳೆಯ ನಂಬರ್ ಪ್ಲೇಟ್ ಇನ್ನೂ ಉಳಿದಿದೆ. ಬಾಡಿಗೆ ಎಲ್ಲಿಯೂ ಕತ್ತರಿ ಬಿದ್ದಿಲ್ಲ. ಈಗ 15 ಇಂಚಿನ, 9.5ಜೆ (ಅಂದರೆ 9.5 ಇಂಚು) ಅಗಲದ, ಮೈನಸ್ 19 ಆಫ್‌ಸೆಟ್‌ನ ಹಳೆಯ ಮೂರು ತುಂಡಿನ, ಆಳವಾದ ಅಂಚಿನ ಡೀಪ್ ಡಿಶ್ ರಿಮ್‌ಗಳ ಸೆಟ್ ಒಂದು ಸಿಗುತ್ತಿದೆ. ಮಾರುವವರು 195/50 ಟೈರನ್ನು (195 ಮಿ.ಮೀ. ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇ. 50) ಎಳೆದು ಕೂರಿಸಿಕೊಂಡರೆ ಸಾಕು ಎನ್ನುತ್ತಾರೆ. ಒಬ್ಬ ಗೆಳೆಯ ಬೇರಿಂಗ್ ಮುರಿದು ಚಕ್ರವೇ ಕಳಚಿ ಹೋಗುತ್ತದೆ ಎಂದು ಹೆದರಿಸುತ್ತಾನೆ. ಇನ್ನೊಬ್ಬ, ದೈಕೊಕು ಪಾರ್ಕಿಂಗ್‌ಗೆ ಬರುವ ಹಳೆಯ ಕಾರುಗಳೆಲ್ಲ ಹೀಗೆಯೇ ಇರುತ್ತವೆ, ಯಾರಿಗೂ ಏನೂ ಆಗಿಲ್ಲ ಎನ್ನುತ್ತಾನೆ. ಮಡ್‌ಗಾರ್ಡ್ ಕತ್ತರಿಸಬೇಕೇ? ಮುಂದಿನ ಬೇಸಿಗೆಗೆ ಶಾಕೆನ್, ಅಂದರೆ ಜಪಾನಿನ ಕಡ್ಡಾಯ ವಾಹನ ತಪಾಸಣೆ, ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಚಕ್ರವನ್ನು ಕಾರು ತಾಳುತ್ತದೆಯೇ, ಈ ಅಗಲವನ್ನು ಟೈರು ತಾಳುತ್ತದೆಯೇ, ಇವೆರಡನ್ನೂ ಜಪಾನಿನ ನಿಯಮ ಒಪ್ಪುತ್ತದೆಯೇ. ನಿಮ್ಮ ಗೆಳೆಯರಿಬ್ಬರೂ ಮೊದಲನೆಯದರ ಬಗ್ಗೆ ಮಾತ್ರ ವಾದಿಸುತ್ತಿದ್ದಾರೆ. ಚಕ್ರ ಮತ್ತು ಸಸ್ಪೆನ್ಷನ್ ಕೆಲಸವನ್ನೇ ಬದುಕಾಗಿ ಮಾಡಿಕೊಂಡವನಾಗಿ ಹೇಳುವುದಾದರೆ, ಮೂರರಲ್ಲಿ ಅತಿ ಚಿಕ್ಕ ತೊಂದರೆ ಅದೇ. ನಿಮ್ಮ ಕಾರಿನ ಮಟ್ಟಿಗೆ ದೊಡ್ಡ ತೊಂದರೆ ಯಾರೂ ಹೇಳದೆ ಬಿಟ್ಟಿರುವ ಕಡೆ ಇದೆ: ನೀವು ಪ್ರೀತಿಯಿಂದ ಹೇಳಿಕೊಂಡಿರುವ ಆ ನಂಬರ್ ಪ್ಲೇಟ್‌ನಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು, ಈ ಆಳವಾದ ಅಂಚು ಹಳೆಯ ಜಪಾನಿ ಕಾರುಗಳಿಗೆ ಹೇಗೆ ಬಂತು ಎಂಬುದನ್ನು ನೋಡೋಣ. 1969ರಲ್ಲಿ ಸ್ಕೈಲೈನ್ ಜಿಟಿ-ಆರ್ ಬಂತು, ಅದೇ ವರ್ಷದ ಕೊನೆಯಲ್ಲಿ ಫೇರ್‌ಲೇಡಿ ಝಡ್ ಬಂತು. ಎರಡೂ ರೇಸಿಗೆ ಇಳಿದವು. ರೇಸಿನ ಟೈರುಗಳು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋದವು, ಆದರೆ ಒಳಗಿನ ಸ್ಟ್ರಟ್ (ಚಕ್ರವನ್ನು ಹಿಡಿದಿರುವ ಸ್ಪ್ರಿಂಗಿನ ಕಂಬ) ಇದ್ದಲ್ಲಿಯೇ ಇತ್ತು. ಒಳಕ್ಕೆ ಜಾಗವಿಲ್ಲದ ಮೇಲೆ ರಿಮ್ಮು ಹೊರಕ್ಕೆ ಮಾತ್ರ ಬೆಳೆಯಬೇಕು. ಹಾಗೆ ಬೆಳೆದ ಭಾಗವೇ ಆ ಆಳವಾದ ಅಂಚು. ಹೊರಗೆ ಬಂದ ಟೈರನ್ನು ಮುಚ್ಚಲು ಮಡ್‌ಗಾರ್ಡ್ ಮೇಲೆ ರಿವೆಟ್ ಹೊಡೆದು ಓವರ್‌ಫೆಂಡರ್ ಕೂರಿಸಿದರು. 1971ರಲ್ಲಿ ನಿಸಾನ್ ಜಪಾನಿನ ಮಾರುಕಟ್ಟೆಗೆ ಮಾತ್ರ ಬಿಟ್ಟ 240ಝಡ್‌ಜಿಯಲ್ಲಿ ಉದ್ದ ಮೂತಿಯ ಜೊತೆಗೆ ಇದೇ ಓವರ್‌ಫೆಂಡರ್ ಕಾರ್ಖಾನೆಯಿಂದಲೇ ಬಂತು. ಆಗ ಫುಜಿ ಸ್ಪೀಡ್‌ವೇಯಲ್ಲಿ ನಡೆಯುತ್ತಿದ್ದ ಗ್ರ್ಯಾಂಡ್ ಚಾಂಪಿಯನ್ ರೇಸುಗಳನ್ನು ನೋಡಲು ಬರುತ್ತಿದ್ದ ಹುಡುಗರು ಟ್ರ್ಯಾಕಿನಲ್ಲಿ ಕಂಡದ್ದನ್ನು ತಮ್ಮ ರಸ್ತೆಯ ಕಾರುಗಳಿಗೆ ಇಳಿಸಿದರು. ಎಸ್‌ಎಸ್‌ಆರ್, ಹಯಾಶಿ, ವರ್ಕ್, ಯೊಕೊಹಾಮಾದ್ದೇ ಆದ ವಟನಾಬೆ ಎಂಬ ರಿಮ್ ತಯಾರಕರ ಹೆಸರುಗಳೆಲ್ಲ ಮನೆಮಾತಾದದ್ದು ಆ ಕಾಲದಲ್ಲಿ.

ಈ ಇತಿಹಾಸ ಹೇಳಿದ್ದಕ್ಕೆ ಕಾರಣವಿದೆ. ರೇಸಿನವರು ಯಾರೂ ಆಳದ ಅಂಚನ್ನು ಬೇಕೆಂದು ಹಾಕಿಕೊಳ್ಳಲಿಲ್ಲ. ಅವರು ಟೈರು ಆರಿಸಿದರು, ಅದಕ್ಕೆ ತಕ್ಕ ರಿಮ್ಮು ಮಾಡಿಸಿದರು, ಅದಕ್ಕೆ ತಕ್ಕಂತೆ ಬಾಡಿ ಬದಲಿಸಿದರು. ಅಂಚು ಉಳಿದ ಲೆಕ್ಕ. ಈಗ ನಿಮಗೆ ಸಿಕ್ಕಿರುವ ಸಲಹೆಯಲ್ಲಿ ಈ ಕ್ರಮ ತಲೆಕೆಳಗಾಗಿದೆ: ಮೊದಲು ಅಂಚು, ಅದಕ್ಕೆ ತಕ್ಕ ರಿಮ್ಮು, ಆ ರಿಮ್ಮಿಗೆ ಹೇಗಾದರೂ ತುರುಕುವ ಟೈರು, ಕೊನೆಗೆ ಬಾಡಿಗೆ ಕತ್ತರಿ. ಇಂಥ ಕಾರುಗಳಲ್ಲಿ ನಾನು ನೋಡಿದ ಬಹುಪಾಲು ತೊಂದರೆಗಳ ಮೂಲ ಈ ತಲೆಕೆಳಗು ಕ್ರಮವೇ.

ಈಗ ಅಂಕಿಗಳಿಗೆ ಬರೋಣ. ಆಫ್‌ಸೆಟ್ ಎಂದರೆ ರಿಮ್ಮಿನ ನಡುಗೆರೆಗೂ ಹಬ್ಬಿಗೆ (ಚಕ್ರವನ್ನು ಬಿಗಿಯುವ, ಕಾರಿನ ಬದಿಯ ತಿರುಗುವ ಭಾಗಕ್ಕೆ) ಒತ್ತಿ ಕೂರುವ ಮುಖಕ್ಕೂ ಇರುವ ದೂರ. ಸೊನ್ನೆ ಎಂದರೆ ಎರಡೂ ಒಂದೇ ಕಡೆ. ಮೈನಸ್ ಎಂದರೆ ಇಡೀ ಚಕ್ರ ಅಷ್ಟು ಹೊರಕ್ಕೆ ಸರಿದಿದೆ. ನಿಮ್ಮ ಕಾರು ಹುಟ್ಟಿದ್ದು 14 ಇಂಚಿನ, 4.5ಜೆ ಉಕ್ಕಿನ ರಿಮ್ಮಿನಂಥ ಸಣ್ಣ ಚಕ್ರಗಳ ಕಾಲದಲ್ಲಿ. ಹೋಲಿಕೆಗೆ ಇನ್ನೂ ಉದಾರವಾಗಿ 6ಜೆ, ಸೊನ್ನೆ ಆಫ್‌ಸೆಟ್ ಇಟ್ಟುಕೊಳ್ಳೋಣ. ಅದಕ್ಕೆ ಹೋಲಿಸಿದರೆ 9.5ಜೆ, ಮೈನಸ್ 19 ರಿಮ್ಮು ಹೊರಗಡೆಗೆ ಸುಮಾರು 63 ಮಿ.ಮೀ., ಒಳಗಡೆಗೆ ಸುಮಾರು 25 ಮಿ.ಮೀ. ಹೆಚ್ಚು ಜಾಗ ಬೇಡುತ್ತದೆ. ಒಳಗಿನ 25ನ್ನು ಕಡಿಮೆ ವ್ಯಾಸದ ಸ್ಪ್ರಿಂಗಿನ ಕಾಯಿಲ್‌ಓವರ್ ಸ್ಟ್ರಟ್ ಹಾಕಿ ಹೊಂದಿಸಬಹುದು. ಮೂಲ ಸ್ಟ್ರಟ್ಟೇ ಇದ್ದರೆ ಸ್ಪ್ರಿಂಗ್ ಕೂರುವ ತಟ್ಟೆಗೆ ಟೈರು ಉಜ್ಜುವ ಸಂಭವವಿದೆ. ಹೊರಗಿನ 63 ಮಿ.ಮೀ.ಗೆ ಮಾತ್ರ ನಿಮ್ಮ ಮಡ್‌ಗಾರ್ಡ್ ಅಡಿಯಲ್ಲಿ ಜಾಗವೇ ಇಲ್ಲ. ಅಂಚು ಮಡಿಚಿದರೂ ಇಲ್ಲ, ಚಕ್ರವನ್ನು ಓರೆ ಮಾಡಿದರೂ ಇಲ್ಲ.

ಗೆಳೆಯ ಹೆದರಿಸಿದ ಬೇರಿಂಗ್ ವಿಷಯ. ಇಲ್ಲಿ ಜನ ಅಗಲವನ್ನೂ ಆಫ್‌ಸೆಟ್ಟನ್ನೂ ಒಂದೇ ಎಂದುಕೊಳ್ಳುತ್ತಾರೆ. ನಡುಗೆರೆ ಅದೇ ಜಾಗದಲ್ಲಿದ್ದು ರಿಮ್ಮು ಎರಡೂ ಕಡೆಗೆ ಸಮನಾಗಿ ಅಗಲವಾದರೆ ಬೇರಿಂಗ್ ಮೇಲಿನ ಹೊರೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ನಡುಗೆರೆ ಹೊರಕ್ಕೆ ಸರಿದಾಗ ಮಾತ್ರ ತಿರುಚು ಬೀಳುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು. ಆದರೆ ಎಷ್ಟು? ನಿಮ್ಮ ಕಾರು ಹೆಚ್ಚುಕಡಿಮೆ ಒಂದು ಟನ್ನು, ಒಂದು ಚಕ್ರದ ಮೇಲೆ 250 ಕೆ.ಜಿ. ಎಂದುಕೊಳ್ಳಿ. ಸೊನ್ನೆಯಿಂದ ಮೈನಸ್ 19ಕ್ಕೆ ಹೋದರೆ ಸೇರುವ ತಿರುಚು 5 ಕಿಲೋಗ್ರಾಂ-ಮೀಟರಿನಷ್ಟು. ಹಕೋನೆಯ ಗುಡ್ಡದ ರಸ್ತೆಯಲ್ಲಿ ಜೋರಾಗಿ ತಿರುವು ತೆಗೆದುಕೊಳ್ಳುವಾಗ ಟೈರಿನ ಪಕ್ಕಬಲ ಅದೇ ಬೇರಿಂಗಿನ ಮೇಲೆ ಹೇರುವ ತಿರುಚು ಇದರ ಹತ್ತು ಪಟ್ಟಿಗೂ ಮೇಲೆ. ಅಂದರೆ ಮೈನಸ್ 19ರಿಂದ ಬೇರಿಂಗ್ ಚೂರಾಗಿ ಚಕ್ರ ಹಾರಿಹೋಗುವುದಿಲ್ಲ.

ಹಾಗೆಂದು ಪುಕ್ಕಟೆಯೂ ಅಲ್ಲ. ರೋಲರ್ ಬೇರಿಂಗಿನ ಆಯುಷ್ಯ ಹೊರೆಗೆ ಸರಳ ಅನುಪಾತದಲ್ಲಿ ಇಳಿಯುವುದಿಲ್ಲ. ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಹೊರೆ ಶೇ. 20ರಷ್ಟು ಏರಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಬರುತ್ತದೆ. ಇದಕ್ಕೆ ಗಟ್ಟಿ ಸ್ಪ್ರಿಂಗು, ತೆಳು ಟೈರು ಜೊತೆಯಾದರೆ ರಸ್ತೆಯ ಪ್ರತಿ ಕುಣಿಯ ಪೆಟ್ಟೂ ಮೆತ್ತಗಾಗದೆ ಒಳಕ್ಕೆ ಬರುತ್ತದೆ. ನಿಮ್ಮ ಕಾರಿನ ಮುಂದಿನ ಬೇರಿಂಗ್ ಬಿಚ್ಚಿ, ತೊಳೆದು, ಗ್ರೀಸ್ ತುಂಬಿ, ಬಿಗಿ ಹೊಂದಿಸಿ ಮತ್ತೆ ಕೂರಿಸಬಹುದಾದ ಹಳೆಯ ಬಗೆಯದು. ಅಗ್ಗ, ಕೆಲಸವೂ ಸುಲಭ. ಹಿಂದಿನದು ಹಾಗಲ್ಲ. ಹಿಂದಿನ ಸಸ್ಪೆನ್ಷನ್ ತೋಳನ್ನು ಹಿಡಿದಿರುವ ಉದ್ದನೆಯ ಪಿನ್ನು ದಶಕಗಳ ತುಕ್ಕಿನಲ್ಲಿ ಕಚ್ಚಿಕೊಂಡು ಮೆಕ್ಯಾನಿಕ್‌ಗಳ ಕಣ್ಣಲ್ಲಿ ನೀರು ತರಿಸುವಂಥದ್ದು. ಹಿಂಬದಿಯ ಕೆಲಸಕ್ಕೆ ಕೈಹಾಕುವ ಮುನ್ನ ಅದಕ್ಕೊಂದು ಬಜೆಟ್ ಇಟ್ಟುಕೊಳ್ಳಿ.

ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ತಟ್ಟೆಯಾದ ಸ್ಪೇಸರ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. 20 ಮಿ.ಮೀ. ಸ್ಪೇಸರ್ ಹಾಕಿದ ಸೊನ್ನೆ ರಿಮ್ಮೂ, ಸ್ಪೇಸರ್ ಇಲ್ಲದ ಮೈನಸ್ 20 ರಿಮ್ಮೂ ಬೇರಿಂಗಿಗೆ ಒಂದೇ. ವ್ಯತ್ಯಾಸ ಇರುವುದು ಬೋಲ್ಟಿನಲ್ಲಿ. ಮೂಲ ಸ್ಟಡ್ (ಹಬ್ಬಿನಿಂದ ಚಾಚಿರುವ ಬೋಲ್ಟ್) ಮೇಲೆ ನಟ್ಟಿನ ತಿರುಪಿನ ಸುತ್ತುಗಳು ಕನಿಷ್ಠ ಸ್ಟಡ್ಡಿನ ದಪ್ಪದಷ್ಟು, ಅಂದರೆ 12 ಮಿ.ಮೀ., ಹಿಡಿದಿರಬೇಕು. ನಿಮ್ಮ ಕಾರಿನ 1.25 ಪಿಚ್‌ನಲ್ಲಿ (ಒಂದು ಸುತ್ತಿಗೆ 1.25 ಮಿ.ಮೀ.) ಅದು ಸುಮಾರು ಹತ್ತು ಸುತ್ತು. ಐದಾರು ಸುತ್ತಿಗೇ ನಿಂತರೆ ಆ ಸ್ಪೇಸರ್ ಬೇಡ.

ಬೇರಿಂಗಿಗಿಂತ ಮೊದಲು ನಿಮ್ಮ ಗಮನಕ್ಕೆ ಬರುವುದು ಸ್ಟಿಯರಿಂಗ್. ಈ ಕಾರಿಗೆ ಪವರ್ ಸ್ಟಿಯರಿಂಗ್ ಇಲ್ಲ. ಮುಂದಿನ ಚಕ್ರ ತಿರುಗುವ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರ 19 ಮಿ.ಮೀ. ಹೆಚ್ಚಿದರೆ ನಿಲ್ಲಿಸುವಾಗ ಕೈ ಸೋಲುತ್ತದೆ, ರಸ್ತೆಯ ಗೀರುಗಳನ್ನು ಟೈರು ಹಿಂಬಾಲಿಸುತ್ತದೆ, ಒಂದು ಬದಿಯ ಚಕ್ರ ನೀರಿನ ಮೇಲಿದ್ದಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಹಳೆಯ ಝಡ್ ಓಡಿಸುವ ಖುಷಿಯೇ ಆ ಹಗುರವಾದ, ಮಾತನಾಡುವ ಸ್ಟಿಯರಿಂಗ್. ಅದನ್ನು ಕಳೆದುಕೊಂಡು ಅಂಚು ಪಡೆಯುವುದು ನನಗೆ ನಷ್ಟದ ವ್ಯಾಪಾರವಾಗಿ ಕಾಣುತ್ತದೆ. ಆದರೆ ಇದು ರುಚಿಯ ಮಾತು, ಕಾರು ನಿಮ್ಮದು.

ಟೈರಿನ ಮಾತು ರುಚಿಯದಲ್ಲ. 195/50ಆರ್15 ಟೈರಿಗೆ ತಯಾರಕರು ಒಪ್ಪುವ ರಿಮ್ಮಿನ ಅಗಲ 5.5ರಿಂದ 7 ಇಂಚು. ನಿಮಗೆ ಹೇಳಿರುವುದು 9.5. ಎರಡೂವರೆ ಇಂಚು ಹೆಚ್ಚು. ಹೀಗೆ ಎಳೆದು ಕೂರಿಸುವ ಹಿಪ್ಪಾರಿ ಶೈಲಿ ಜಪಾನಿನಲ್ಲಿ ಹಳೆಯದು, ಕಣ್ಣಿಗೆ ಒಂದು ಬಗೆಯ ಸೊಗಸೂ ಹೌದು. ಆದರೆ ಟೈರು ರಿಮ್ಮಿನ ಮೇಲೆ ನಿಲ್ಲುವುದು ಗಾಳಿಯ ಒತ್ತಡದಿಂದ, ಬುಡದ ತಂತಿಯ ಬಳೆ ರಿಮ್ಮಿನ ಅಂಚಿಗೆ ಸರಿಯಾದ ಕೋನದಲ್ಲಿ ಒತ್ತಿಕೊಳ್ಳುವುದರಿಂದ. ಪಕ್ಕದ ಗೋಡೆಯನ್ನು ಇಷ್ಟು ಓರೆಯಾಗಿ ಎಳೆದಾಗ ಆ ಕೋನ ಕೆಡುತ್ತದೆ. ಗಾಳಿ ಪೂರ್ತಿ ಇರುವವರೆಗೆ ಏನೂ ಆಗುವುದಿಲ್ಲ. ದೈಕೊಕುವಿನಲ್ಲಿ ಕಾಣುವ ಕಾರುಗಳಿಗೆ ಏನೂ ಆಗದಿರುವ ಗುಟ್ಟು ಇಷ್ಟೇ: ಅವು ಅಲ್ಲಿಗೆ ನಿಧಾನವಾಗಿ ಬಂದು, ನಿಂತು, ನಿಧಾನವಾಗಿ ಹೋಗುತ್ತವೆ. ಸಣ್ಣ ಪಂಚರಿನಿಂದ ಒತ್ತಡ ಇಳಿದಿರುವಾಗ ಎಕ್ಸ್‌ಪ್ರೆಸ್‌ವೇಯ ತಿರುವಿನಲ್ಲಿ ಥಟ್ಟನೆ ಪಥ ಬದಲಿಸಬೇಕಾಗಿ ಬಂತೆನ್ನಿ. ಸರಿ ಅಳತೆಯ ಟೈರು ಹೊಯ್ದಾಡುತ್ತದೆ. ಎಳೆದು ಕೂರಿಸಿದ ಟೈರು ರಿಮ್ಮು ಬಿಟ್ಟು ಕೆಳಗಿಳಿಯುವ ಸಂಭವ ಹೆಚ್ಚು. ಕಟ್ಟೆಗೆ ತಾಗಿದರೆ ಮೊದಲು ಪೆಟ್ಟು ತಿನ್ನುವುದೂ ರಬ್ಬರ್ ಅಲ್ಲ, ನೀವು ದುಡ್ಡು ಕೊಟ್ಟ ಆ ಹೊಳೆಯುವ ಅಂಚೇ.

ಅಗಲದ ರಿಮ್ಮಿನಿಂದ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆಯನ್ನೂ ಇಲ್ಲಿಯೇ ಬಿಡಿಸೋಣ. ರಸ್ತೆ ಮುಟ್ಟುವುದು ಟೈರು, ರಿಮ್ಮಲ್ಲ. 9.5ಜೆ ಮೇಲಿನ 195 ಟೈರು, 6.5ಜೆ ಮೇಲಿನ 195 ಟೈರಿಗಿಂತ ಹೆಚ್ಚು ರಬ್ಬರನ್ನು ನೆಲಕ್ಕೆ ಇಡುವುದಿಲ್ಲ. ಪಕ್ಕದ ಗೋಡೆ ಬಿಗಿಯಾಗಿರುವುದರಿಂದ ಸ್ಟಿಯರಿಂಗ್ ಚುರುಕಾದಂತೆ ಅನ್ನಿಸುತ್ತದೆ, ಅಷ್ಟೇ. ಇನ್ನೊಂದು ಬೆಲೆಯೂ ಇದೆ. ಮೂಲದ 175 ಟೈರಿನ ವ್ಯಾಸ ಸುಮಾರು 635 ಮಿ.ಮೀ., 195/50ಆರ್15ರದ್ದು 576. ಸ್ಪೀಡೋಮೀಟರ್ ಶೇ. 10ರಷ್ಟು ಹೆಚ್ಚು ತೋರಿಸುತ್ತದೆ, ಎಂಜಿನ್ ಎಲ್ಲ ವೇಗದಲ್ಲಿಯೂ ಅಷ್ಟೇ ಹೆಚ್ಚು ತಿರುಗುತ್ತದೆ, ಸ್ಪ್ರಿಂಗ್ ಮುಟ್ಟದೆಯೇ ಕಾರು 30 ಮಿ.ಮೀ. ಕೆಳಗೆ ಬರುತ್ತದೆ. ತಪಾಸಣೆಯಲ್ಲಿ ನೆಲದಿಂದ 9 ಸೆಂ.ಮೀ. ಅಂತರ ಕೇಳುತ್ತಾರೆ. ಆಮೇಲೆ ಕಾರು ಇಳಿಸಬೇಕೆಂದರೆ ನಿಮ್ಮ ಕೈಯಲ್ಲಿ ಉಳಿಯುವುದು ತೀರಾ ಕಡಿಮೆ.

ಟೈರನ್ನು ರಿಮ್ಮಿಗೆ ಎಬ್ಬಿಸಲು ಸುಡುವ ಸ್ಪ್ರೇ ಊದಿ ಬೆಂಕಿ ತಾಗಿಸುವ ವಿಡಿಯೊಗಳನ್ನು ನೀವು ನೋಡಿರುತ್ತೀರಿ. ದಯವಿಟ್ಟು ಬೇಡ. ಟೈರು ಅಂಗಡಿಯವರು ಸುಮಾರು 275 ಕಿಲೋಪಾಸ್ಕಲ್ ಒತ್ತಡದೊಳಗೆ ಕೂರದ ಟೈರನ್ನು ಬಿಚ್ಚಿ ಕಾರಣ ಹುಡುಕುತ್ತಾರೆ, ಒತ್ತಡ ಏರಿಸುತ್ತ ಹೋಗುವುದಿಲ್ಲ. ಆ ಶಿಸ್ತಿನ ಹಿಂದೆ ಬೆರಳು ಕಳೆದುಕೊಂಡವರ ಕಥೆಗಳಿವೆ.

ಇನ್ನು ಆ ಸೆಟ್. ಮೂರು ತುಂಡಿನ ರಿಮ್ಮು ಎಂದರೆ ನಡುವಿನ ಡಿಸ್ಕ್, ಒಳಬದಿಯ ಬಳೆ, ಹೊರಬದಿಯ ಬಳೆ. ಸುತ್ತಲೂ ಸಣ್ಣ ಬೋಲ್ಟುಗಳಿಂದ ಬಿಗಿದು, ಸಂದಿಗೆ ಸೀಲಂಟ್ ಹಚ್ಚಿರುತ್ತಾರೆ. ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ, ಅದಕ್ಕೆ ಮತ್ತೆ ಬರುತ್ತೇನೆ. ಅನನುಕೂಲವೆಂದರೆ ಹಿಂದಿನವರು ಏನು ಮಾಡಿದ್ದಾರೆಂದು ಹೊರಗಿನಿಂದ ತಿಳಿಯುವುದಿಲ್ಲ. ಬೋಲ್ಟಿನ ತೂತುಗಳ ಸುತ್ತ ಕೂದಲೆಳೆಯಷ್ಟು ಬಿರುಕು, ತೂತು ಉದ್ದವಾಗಿರುವುದು, ಬೇರೆ ಬೇರೆ ಬಗೆಯ ಬೋಲ್ಟುಗಳು, ಅಂಚಿನ ಹಿಂಬದಿಯಲ್ಲಿ ಬಿಳಿ ಪುಡಿಯಂಥ ಸವಕಳಿ, ಪಾಲಿಶ್ ಮಾಡಿ ಮಾಡಿ ತೆಳುವಾದ ಅಂಚು, ಇವಿಷ್ಟನ್ನು ಕಣ್ಣಿನಿಂದ ನೋಡಬಹುದು. ಹೊಳಪಿಗೆ ಮರುಳಾಗಬೇಡಿ. ಅತಿ ಹೊಳಪು ಕೆಲವೊಮ್ಮೆ ಬೆಸುಗೆಯನ್ನು ಮುಚ್ಚಲು ಕೊಟ್ಟದ್ದಾಗಿರುತ್ತದೆ. ಒಪ್ಪಿದರೆ ಬಿಚ್ಚಿಸಿ, ಬಿರುಕಿಗೆ ಇಳಿಯುವ ಬಣ್ಣದ ದ್ರವ ಹಚ್ಚುವ ಪರೀಕ್ಷೆ ಮಾಡಿಸಿ, ಹೊಸ ಬೋಲ್ಟು, ಹೊಸ ಸೀಲಂಟ್‌ನೊಂದಿಗೆ ಜೋಡಿಸಿಸಿ. ಮಾರುವವರು ಬಿಚ್ಚಲು ಬಿಡುವುದಿಲ್ಲ ಎಂದರೆ ಆ ಬೆಲೆಗೆ ಅದು ಗೋಡೆಗೆ ತೂಗುಹಾಕುವ ವಸ್ತು, ರಸ್ತೆಗಲ್ಲ.

ರಿಮ್ಮಿನ ಮೇಲೆ ಜೆಡಬ್ಲ್ಯುಎಲ್ ಗುರುತು ಇದೆಯೇ ನೋಡಿ. ಹಗುರ ಲೋಹದ ಚಕ್ರಗಳಿಗೆ ಜಪಾನ್ ಸರ್ಕಾರ ನಿಗದಿಪಡಿಸಿದ ಗುಣಮಟ್ಟದ ಗುರುತು ಅದು, ತಪಾಸಣೆಯಲ್ಲಿ ಅದನ್ನು ಹುಡುಕುತ್ತಾರೆ. ನಿಮ್ಮ ಹಬ್ಬಿನ ಬೋಲ್ಟ್ ವೃತ್ತ ನಾಲ್ಕು ತೂತು, 114.3 ಮಿ.ಮೀ. ಅದೇ ಕಾಲದ ಕೆಲವು ಮಾಜ್ದಾಗಳದ್ದು 110. ಎರಡು ಬಗೆಯ ತೂತು ಕೊರೆದ ರಿಮ್ಮುಗಳನ್ನು ಕಂಡಿದ್ದೇನೆ. ಒಂದು ಸಾಲು ಆಮೇಲೆ ಕೈಯಿಂದ ಕೊರೆದದ್ದಾಗಿದ್ದರೆ ಮುಟ್ಟಬೇಡಿ. ನಟ್ಟು ಕೂರುವ ಜಾಗ ಶಂಕುವಿನಾಕಾರದ್ದೋ, ಚಪ್ಪಟೆಯ ವಾಷರ್ ಬೇಡುವ ನೇರ ಕೊಳವೆಯಾಕಾರದ್ದೋ ಎಂಬುದನ್ನೂ ತಿಳಿದುಕೊಳ್ಳಿ. ಇವೆರಡನ್ನು ಅದಲುಬದಲು ಮಾಡಿ ಬಿಗಿದಾಗಲೇ ಚಕ್ರ ನಿಜವಾಗಿ ಕಳಚಿ ಹೋಗುವುದು. ನಿಮ್ಮ ಗೆಳೆಯ ಹೆದರಬೇಕಾದದ್ದು ಇದಕ್ಕೆ, ಬೇರಿಂಗಿಗಲ್ಲ.

ಕಾನೂನಿನ ವಿಷಯ. ಜಪಾನಿನ ನಿಯಮ ಇಷ್ಟನ್ನು ಕೇಳುತ್ತದೆ: ಚಕ್ರದ ನಡುವಿನಿಂದ ನೆಟ್ಟಗೆ ಮೇಲಕ್ಕೆ ಗೆರೆ ಎಳೆದು, ಅದರಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿಯೊಳಗೆ ಚಕ್ರದ ಯಾವ ಭಾಗವೂ ಮಡ್‌ಗಾರ್ಡಿನಿಂದ ಹೊರಗೆ ಚಾಚಿರಬಾರದು. 2017ರಲ್ಲಿ ಒಂದು ಸಡಿಲಿಕೆ ಬಂತು. ಟೈರಿನ ಪಕ್ಕದ ಉಬ್ಬು 10 ಮಿ.ಮೀ.ಗಿಂತ ಕಡಿಮೆ ಹೊರಗೆ ಬಂದರೆ ಲೆಕ್ಕಕ್ಕಿಲ್ಲ. ಈ ಹತ್ತನ್ನು ನಂಬಿಕೊಂಡವರು ಬಹಳ. ಆದರೆ ಅದು ರಬ್ಬರಿಗೆ ಮಾತ್ರ, ರಿಮ್ಮಿಗಲ್ಲ. ಎಳೆದು ಕೂರಿಸಿದ ಟೈರಿನಲ್ಲಿ ಅತಿ ಹೊರಗಿರುವುದು ರಿಮ್ಮಿನ ಅಂಚು. ಹಾಗಾಗಿ ಸಡಿಲಿಕೆಯ ಲಾಭ ನಿಮಗೆ ಒಂದು ಮಿಲಿಮೀಟರ್ ಕೂಡ ಸಿಗುವುದಿಲ್ಲ.

ಉಳಿದ ದಾರಿ ಓವರ್‌ಫೆಂಡರ್. ಕಾರಿನ ಒಟ್ಟು ಅಗಲ 20 ಮಿ.ಮೀ.ಗಿಂತ ಹೆಚ್ಚಾದರೆ ರಚನಾ ಬದಲಾವಣೆಯ ತಪಾಸಣೆ ಮಾಡಿಸಿ ಹೊಸ ಅಗಲವನ್ನು ನೋಂದಣಿ ಪತ್ರದಲ್ಲಿ ಬರೆಸಬೇಕು. ಅದನ್ನು ಮಾಡಿಸಿದ ದಿನವೇ ಚಾಲ್ತಿಯಲ್ಲಿರುವ ಶಾಕೆನ್ ಅವಧಿ ಮುಗಿದು ಹೊಸದು ಶುರುವಾಗುತ್ತದೆ. ಆದ್ದರಿಂದ ಮಾಡಿಸುವುದಾದರೆ ಬೇಸಿಗೆಯ ಶಾಕೆನ್ ಜೊತೆಗೇ ಮಾಡಿಸಿ, ಉಳಿದ ತಿಂಗಳುಗಳ ದುಡ್ಡು ಉಳಿಯುತ್ತದೆ.

ನಂಬರ್ ಪ್ಲೇಟ್‌ಗೆ ಬಂದೆ. ಎರಡು ಲೀಟರ್ ಎಂಜಿನಿನ ನಿಮ್ಮ ಝಡ್ 5ರಿಂದ ಶುರುವಾಗುವ ಸಣ್ಣ ಕಾರುಗಳ ವರ್ಗದಲ್ಲಿದೆ. ಆ ವರ್ಗದ ಅಗಲದ ಮಿತಿ 1700 ಮಿ.ಮೀ. ನಿಮ್ಮ ಕಾರಿನ ಮೂಲ ಅಗಲ 1630. ಕಾರ್ಖಾನೆಯ ಓವರ್‌ಫೆಂಡರ್ ಇದ್ದ 240ಝಡ್‌ಜಿಯದ್ದು 1690. ಅಂದರೆ ಝಡ್‌ಜಿ ಮಾದರಿಯ ಓವರ್‌ಫೆಂಡರಿಗೆ ಮಾತ್ರ ಜಾಗವಿದೆ, ಅದೂ ಪ್ರತಿ ಬದಿಗೆ ಐದು ಮಿ.ಮೀ. ಮಿಕ್ಕು. 9.5ಜೆ, ಮೈನಸ್ 19ನ್ನು ಸರಿಯಾದ ಅಗಲದ ಟೈರಿನೊಂದಿಗೆ ಮುಚ್ಚಲು ಅದಕ್ಕಿಂತ ದೊಡ್ಡ ಓವರ್‌ಫೆಂಡರ್ ಬೇಕಾಗುವ ಸಂಭವ ಹೆಚ್ಚು. 1700 ದಾಟಿತೆಂದರೆ ಕಾರು 3ರ ವರ್ಗಕ್ಕೆ ಹೋಗುತ್ತದೆ, ಹಳೆಯ ಪ್ಲೇಟ್ ಕೊಟ್ಟು ಮೂರಂಕಿಯ ಹೊಸದನ್ನು ಪಡೆಯಬೇಕು. ವಾರ್ಷಿಕ ವಾಹನ ತೆರಿಗೆ ಎಂಜಿನ್ ಗಾತ್ರವನ್ನು ನೋಡುವುದರಿಂದ ಅಲ್ಲಿ ಏನೂ ಬದಲಾಗುವುದಿಲ್ಲ. ಆದರೆ ಒಂದೇ ಊರಿನಲ್ಲಿ ಕೈ ಬದಲಾಗುತ್ತ ಉಳಿದುಬಂದ ಎರಡಂಕಿಯ ಪ್ಲೇಟ್ ಎಷ್ಟು ಹಣ ಕೊಟ್ಟರೂ ಮರಳಿ ಬರುವುದಿಲ್ಲ. ಅದರ ಮಹತ್ವ ಗೊತ್ತಿದ್ದೇ ನೀವು ಪ್ರಶ್ನೆಯಲ್ಲಿ ಬರೆದಿದ್ದೀರಿ ಎಂದುಕೊಂಡಿದ್ದೇನೆ.

ತಪಾಸಣೆಯ ದಿನ ಮೂಲ ಚಕ್ರ ಹಾಕಿಕೊಂಡು ಹೋಗಿ, ಮರುದಿನ ಬದಲಿಸಿಕೊಳ್ಳುವವರಿದ್ದಾರೆ. ನಿಯಮ ಇರುವುದು ರಸ್ತೆಯಲ್ಲಿ ಓಡುವ ಕಾರಿಗೆ, ತಪಾಸಣೆಯ ದಿನಕ್ಕಲ್ಲ. ನಿಯಮಕ್ಕೆ ಹೊರತಾದ ಮಾರ್ಪಾಡು ಮಾಡಿದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 3 ಲಕ್ಷ ಯೆನ್‌ವರೆಗೆ ದಂಡ ವಿಧಿಸಬಹುದು. ಒಳ್ಳೆಯ ಗ್ಯಾರೇಜುಗಳು ಇಂಥ ಕಾರನ್ನು ಒಳಗೆ ಬಿಟ್ಟುಕೊಳ್ಳಲು ಹಿಂಜರಿಯುವುದು ಇದಕ್ಕೇ. ಪರದೇಶದಲ್ಲಿ ವೀಸಾದ ಮೇಲೆ ಇರುವವರು ಈ ಜೂಜನ್ನು ಆಡಬಾರದು ಎಂದಷ್ಟೇ ಹೇಳುತ್ತೇನೆ.

ಕತ್ತರಿಸುವುದರ ಬಗ್ಗೆ. ಮುಂದಿನ ಮಡ್‌ಗಾರ್ಡ್ ಬೋಲ್ಟಿನಿಂದ ಕೂತದ್ದು, ಹಳೆಯದನ್ನು ಬಿಚ್ಚಿಟ್ಟು ಬೇರೊಂದನ್ನು ಕತ್ತರಿಸಬಹುದು, ಮನಸ್ಸು ಬದಲಾದರೆ ಹಿಂದಿರುಗಬಹುದು. ಹಿಂದಿನದು ಹಾಗಲ್ಲ. ಅಲ್ಲಿ ಹೊರಗಿನ ತಗಡೂ ಒಳಗಿನ ತಗಡೂ ಕಮಾನಿನ ಅಂಚಿನಲ್ಲಿ ಒಟ್ಟಿಗೆ ಬೆಸೆದುಕೊಂಡಿವೆ. ಅಂಚು ಕತ್ತರಿಸಿದರೆ ಎರಡೂ ಬಾಯಿ ಬಿಡುತ್ತವೆ. ಒಳತಗಡನ್ನು ಸೀಳಿ ಹೊರಕ್ಕೆ ಬಗ್ಗಿಸಿ ಮತ್ತೆ ಬೆಸೆಯಬೇಕು, ಸೀಲ್ ಮಾಡಬೇಕು. ಬೆಸೆಯದೆ ಅಂಟು ತುಂಬಿ ಮೇಲೆ ಓವರ್‌ಫೆಂಡರ್ ಮುಚ್ಚಿದ ಕಾರುಗಳು ಹೊರಗಿನಿಂದ ಚೆಂದವಾಗಿಯೇ ಇರುತ್ತವೆ. ಒಳಗೆ ನೀರು, ಮಣ್ಣು, ಚಳಿಗಾಲದ ರಸ್ತೆಯ ಉಪ್ಪು ಸೇರಿ ಕೆಲವೇ ವರ್ಷಗಳಲ್ಲಿ ಕೈಬೆರಳು ತೂರುವಷ್ಟು ತುಕ್ಕಾಗುತ್ತದೆ. ಈ ಮಾದರಿಯ ಕಾರುಗಳು ತುಕ್ಕು ಹಿಡಿಯುವ ಹೆಸರಾಂತ ಜಾಗವೇ ಅದು. ಕತ್ತರಿ ಬೀಳದ ಝಡ್‌ಗಳು ವರ್ಷ ಕಳೆದಂತೆ ಕಡಿಮೆಯಾಗುತ್ತಿವೆ. ನನ್ನ ಬಳಿ ಬಂದು ಕೇಳುವವರ ಕಾರು ಆಗಲೇ ಕತ್ತರಿಸಿದ್ದಾದರೆ ನಿಸ್ಸಂಕೋಚವಾಗಿ ಅಗಲಕ್ಕೆ ಹೋಗಿ ಎನ್ನುತ್ತೇನೆ. ನಿಮ್ಮದಕ್ಕೆ ಹಾಗೆ ಹೇಳಲಾರೆ.

ಹಾಗಾದರೆ ಏನು ಹಾಕಬಹುದು? ಏನನ್ನೂ ಮುಟ್ಟದೆ ಕೂರುವುದು 15 ಇಂಚು, 7ಜೆ, ಸೊನ್ನೆ ಆಫ್‌ಸೆಟ್, 195/60 ಅಥವಾ 205/60 ಟೈರು. 205/60ರ ವ್ಯಾಸ 627, ಮೂಲಕ್ಕೆ ಬಹಳ ಹತ್ತಿರ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಸ್ಟಿಯರಿಂಗ್ ಹಾಳಾಗುವುದಿಲ್ಲ. ಅಂಚು ಇರುತ್ತದೆ, ಆದರೆ ನೀವು ಕನಸಿನಲ್ಲಿ ಕಂಡಷ್ಟಿಲ್ಲ.

ಮುಂದಿನ ಹೆಜ್ಜೆ 8ಜೆ, ಸೊನ್ನೆ, 225/50. ಈ ಟೈರಿಗೆ 8 ಇಂಚು ಒಪ್ಪಿತ ಅಗಲದ ಮೇಲಿನ ಮಿತಿ, ಎಳೆದಂತಾಗುವುದಿಲ್ಲ. ಮಡ್‌ಗಾರ್ಡಿನ ಒಳ ಅಂಚನ್ನು ಬಣ್ಣ ಬಿಸಿ ಮಾಡಿ ನಿಧಾನವಾಗಿ ಮಡಿಚಬೇಕಾಗುತ್ತದೆ, ಸ್ಪ್ರಿಂಗ್ ಸ್ವಲ್ಪ ಗಟ್ಟಿಯಾಗಬೇಕು. ಸ್ಟ್ರಟ್ ಸಸ್ಪೆನ್ಷನ್ ಕುಗ್ಗಿದಾಗ ಚಕ್ರದ ತಲೆ ಹೆಚ್ಚು ಒಳಕ್ಕೆ ವಾಲುವುದಿಲ್ಲ, ನೇರವಾಗಿ ಮೇಲಕ್ಕೆ ಬರುತ್ತದೆ. ಆದ್ದರಿಂದ ನಿಂತಾಗ ಮುಟ್ಟದ ಟೈರು ಓಡುವಾಗ ಅಂಚನ್ನು ಕೆರೆಯಬಹುದು. ಚಕ್ರವನ್ನು ವಿಪರೀತ ಓರೆ ಮಾಡಿ ಒಳಗೆ ತೂರಿಸುವವರ ಟೈರು ಒಳಬದಿಯಲ್ಲಿ ನೂಲು ಕಾಣುವವರೆಗೆ ಸವೆದಿದ್ದರೂ ಹೊರಬದಿ ಹೊಸದರಂತೆ ಇರುತ್ತದೆ, ಅದು ಬೇಡ. ಕಾರನ್ನು ತೀರಾ ಇಳಿಸಿದರೆ ಹಿಂದಿನ ಅರ್ಧ ಆಕ್ಸಲ್‌ಗಳ ಕೋನ ಕೆಡುತ್ತದೆ, ಮುಂದೆ ಕುಣಿಯಲ್ಲಿ ಸ್ಟಿಯರಿಂಗ್ ತಾನಾಗಿ ಅಲ್ಲಾಡುತ್ತದೆ. ಅಷ್ಟು ಇಳಿಸಬೇಕಾಗಿಯೂ ಇಲ್ಲ.

ನಿಮಗೆ ಬೇಕಾದ ಆಳ ಇಲ್ಲಿಯೇ ಸಿಗಬಹುದು ಎಂಬುದು ನನ್ನ ವಾದ. 8ಜೆ, ಸೊನ್ನೆ ರಿಮ್ಮಿನಲ್ಲಿ ಹಬ್ ಮುಖದಿಂದ ಹೊರ ಅಂಚಿನ ತುದಿಗೆ ಸುಮಾರು 114 ಮಿ.ಮೀ. ಇರುತ್ತದೆ. ಅದರಲ್ಲಿ ಕಡ್ಡಿಗಳ ದಪ್ಪ ಕಳೆದು ಉಳಿದದ್ದು ಕಣ್ಣಿಗೆ ಕಾಣುವ ಆಳ. ಕಡ್ಡಿಗಳು ಹೊರಕ್ಕೆ ಉಬ್ಬಿರುವುದು ದೊಡ್ಡ ಬ್ರೇಕ್ ಕ್ಯಾಲಿಪರಿಗೆ ಜಾಗ ಬಿಡಲು. ನೀವು ಬ್ರೇಕ್ ಬದಲಿಸಿಲ್ಲವಾದರೆ ಆ ಉಬ್ಬು ನಿಮಗೆ ಬೇಕಿಲ್ಲ. ಚಪ್ಪಟೆಯಾದ ಡಿಸ್ಕ್ ಇರುವ ರಿಮ್ಮು ಆರಿಸಿದರೆ ಅದೇ ಅಗಲದಲ್ಲಿ ಅಂಚು ಇನ್ನೂ ಆಳವಾಗಿ ಕಾಣುತ್ತದೆ. ಮೂರು ತುಂಡಿನ ರಿಮ್ಮಿನ ಅನುಕೂಲ ಎಂದೆನಲ್ಲ, ಅದು ಇಲ್ಲಿ. ನಿಮಗೆ ಸಿಗುತ್ತಿರುವ ಸೆಟ್ಟಿನ ಡಿಸ್ಕ್‌ಗಳು ಗಟ್ಟಿಯಾಗಿದ್ದರೆ, ಹೊರ ಮತ್ತು ಒಳ ಬಳೆಗಳನ್ನು ಮಾತ್ರ ಕಡಿಮೆ ಅಗಲದವುಗಳಿಗೆ ಬದಲಿಸಿ 8ಜೆಗೆ ಇಳಿಸಿಕೊಳ್ಳಬಹುದು. ಜಪಾನಿನಲ್ಲಿ ಈ ಕೆಲಸವನ್ನೇ ಮಾಡುವ ಅಂಗಡಿಗಳಿವೆ. ಅಗ್ಗವಲ್ಲ, ಆದರೆ ಹಿಂದಿನ ಕಮಾನು ಕತ್ತರಿಸಿ ಬೆಸೆಯುವ ಬಾಡಿ ಕೆಲಸಕ್ಕೆ ಹೋಲಿಸಿ ನೋಡಿ.

ಝಡ್‌ಜಿ ಓವರ್‌ಫೆಂಡರ್ ಬೇಕೇ ಬೇಕು ಎಂದಾದರೆ 1690ರೊಳಗೆ ಉಳಿಯುವ ಮೂಲ ಅಳತೆಯದ್ದನ್ನೇ ಹುಡುಕಿ, 8.5ಜೆಗೆ ನಿಲ್ಲಿಸಿ, ರಚನಾ ಬದಲಾವಣೆ ಮಾಡಿಸಿ. ವಿಮಾ ಕಂಪನಿಗೂ ತಿಳಿಸಿ. ಮಾರುಕಟ್ಟೆಯಲ್ಲಿರುವ ನಕಲುಗಳ ಅಗಲ ಒಂದೊಂದೂ ಒಂದೊಂದು ಬಗೆ, ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಬೇಡಿ.

ಯಾವುದಕ್ಕೂ ದುಡ್ಡು ಕೊಡುವ ಮುನ್ನ ಈ ವಾರಾಂತ್ಯ ಒಂದು ಕೆಲಸ ಮಾಡಿ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಇಬ್ಬರನ್ನು ಸೀಟಿನಲ್ಲಿ ಕೂರಿಸಿ, ನಾಲ್ಕೂ ಕಮಾನುಗಳ ನೆತ್ತಿಯ ಹೊರ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ ಚಕ್ರ ಬಿಚ್ಚಿ, ಹಬ್ಬನ್ನು ಜಾಕಿನಿಂದ ಎತ್ತಿ ಅದೇ ಎತ್ತರಕ್ಕೆ ತನ್ನಿ. ಹಬ್ಬಿನ ನಡುವಿನಿಂದ ಕಮಾನಿನ ಅಂಚಿಗೆ ಇರುವ ದೂರ ಚಕ್ರ ಇದ್ದಾಗಿನಷ್ಟೇ ಆಗಬೇಕು. ಅಂಚಿನಿಂದ ಗುಂಡು ಕಟ್ಟಿದ ದಾರ ಇಳಿಬಿಟ್ಟು ಹಬ್ ಮುಖದಿಂದ ದಾರಕ್ಕೆ ಇರುವ ಅಂತರ ಅಳೆಯಿರಿ. ನಾಲ್ಕೂ ಕಡೆ ಅಳೆಯಿರಿ, ಐವತ್ತು ವರ್ಷದ ಬಾಡಿಯಲ್ಲಿ ಎಡಬಲ ಒಂದೇ ಇರುವುದು ಅಪರೂಪ. 8ಜೆ ಮೇಲಿನ 225ಕ್ಕೆ ಸುಮಾರು 120 ಮಿ.ಮೀ. ಬೇಕು, 7ಜೆ ಮೇಲಿನ 205ಕ್ಕೆ ಸುಮಾರು 110. ಇಲ್ಲಿ ಅತಿ ಹೊರಗಿರುವುದು ರಬ್ಬರ್ ಆದ್ದರಿಂದ ಎರಡು ಮೂರು ಮಿ.ಮೀ. ಕೊರತೆಯಾದರೆ 2017ರ ಸಡಿಲಿಕೆ ಕಾಪಾಡುತ್ತದೆ. ನಾಲ್ಕರಲ್ಲಿ ಅತಿ ಕಡಿಮೆ ಬಂದ ಅಂಕಿ 115ಕ್ಕಿಂತ ಕೆಳಗಿದ್ದರೆ 8ಜೆಯನ್ನೂ ಮರೆತು 7ಜೆ ತೆಗೆದುಕೊಳ್ಳಿ.